ನರ್ಸ್ ಇಲ್ಲದ ಶಾಲೆಯಲ್ಲಿ ಮಗುವಿನ ಗಂಟಲಿಗೆ ತುತ್ತು ಸಿಕ್ಕಿಕೊಂಡರೆ
ನಮಸ್ಕಾರ. ಡೊಂಬಿವಲಿಯ ನಿಮ್ಮ ಶಾಲೆಯಲ್ಲಿ ನರ್ಸ್ ಇಲ್ಲದಿರುವಾಗ, ಮಗುವಿನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡರೆ ನೆರವಾಗಲು ಯಾರಿಗೆ ತರಬೇತಿ ಕೊಡಿಸಬೇಕೆಂದು ಕೇಳಿದ್ದೀರಿ. ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಮಕ್ಕಳ ಪಕ್ಕದಲ್ಲೇ ಇರುವ ಶಿಕ್ಷಕಿಯರಿಗೂ ಆಯಾಗಳಿಗೂ ಮೊದಲು ಕೊಡಿಸಿ. ಉಸಿರು ಪೂರ್ತಿ ಕಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗತೊಡಗುವುದರಿಂದ, ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಕೈಹಾಕಬೇಕಾಗುತ್ತದೆ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಮಾತನಾಡಲೂ ಆಗದಿದ್ದರೆ, ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ಹೊಡೆಯಬೇಕು. ಆಗಲೂ ಬಿಡದಿದ್ದರೆ ಹಿಂದೆ ಮಂಡಿಯೂರಿ, ಹೊಕ್ಕುಳಿನ ತುಸು ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತಬೇಕು. ತುತ್ತು ಹೊರಬರುವವರೆಗೆ ಇವೆರಡನ್ನೂ ಒಂದರ ಬೆನ್ನಿಗೊಂದು ಮಾಡುತ್ತಿರಬೇಕು. ಪ್ರಜ್ಞೆ ತಪ್ಪಿದರೆ ಕೂಡಲೇ ಸಿಪಿಆರ್ (ಎದೆಯನ್ನು ಒತ್ತಿ, ಬಾಯಿಂದ ಉಸಿರು ಕೊಡುವ ತುರ್ತು ನೆರವು) ಆರಂಭಿಸಬೇಕು. ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬಾರದು, ನೀರನ್ನೂ ಕುಡಿಸಬಾರದು.

ಇದನ್ನು ಓದಿಸಿದರೆ ಸಾಲದು, ಗೊಂಬೆಯ ಮೇಲೆ ಮಾಡಿಸಬೇಕು. ಮುಲುಂಡಿನಲ್ಲಿ ನಾನು ಕಲಿಸುವ ಶಾಲೆಯ ಅಭ್ಯಾಸದಲ್ಲಿ, ಎಲ್ಲವನ್ನೂ ಗಮನವಿಟ್ಟು ಕೇಳಿದ್ದ ಆಯಾ ಒಬ್ಬರ ಕೈ, ಮನೆಯ ರೂಢಿಯಂತೆ, ಗೊಂಬೆಯ ನೆತ್ತಿಯನ್ನೇ ತಟ್ಟಿತು. ನಾಲ್ಕನೆಯ ಸಲಕ್ಕೆ ಅದು ಬೆನ್ನಿಗೆ ಬಂತು. ಆದ್ದರಿಂದ ಪ್ರತಿ ವರ್ಷವೂ ಅಭ್ಯಾಸ ಮಾಡಿಸಿ. ಚಿಕ್ಕ ಮಕ್ಕಳ ಡಬ್ಬಿಗೆ ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿಯೇ ಹಾಕುವಂತೆ ಪಾಲಕರಿಗೂ ತಿಳಿಸಿ.