ಸ್ಪ್ಯಾನಿಷ್‌ನ ‘ಕೊಂತಾರ್’ ಕ್ರಿಯಾಪದದ ರೂಪಗಳನ್ನೂ ಅರ್ಥಗಳನ್ನೂ ಬಾಯಿಪಾಠ ಮಾಡಲು ಯಾವ ಪಟ್ಟಿ ಒಳ್ಳೆಯದು?

ನೀವು ಕೇಳುತ್ತಿರುವಂಥ ಪಟ್ಟಿಯೊಂದು ಏಳು ವರ್ಷಗಳ ಹಿಂದೆ ನನ್ನ ಮೇಜಿನ ಎದುರಿನ ಗೋಡೆಯ ಮೇಲೆ ಇತ್ತು. ಎಡಗಡೆ ವರ್ತಮಾನಕಾಲದ ಏಕವಚನದ ಕ್ವೆಂತೊ, ಕ್ವೆಂತಸ್, ಕ್ವೆಂತ (ಎಣಿಸುತ್ತೇನೆ, ಎಣಿಸುತ್ತೀಯ, ಎಣಿಸುತ್ತಾನೆ). ಬಲಗಡೆ ಬಹುವಚನದ ಕೊಂತಾಮೊಸ್, ಕೊಂತಾಯ್ಸ್, ಕ್ವೆಂತನ್. ‘ಒ’ ಹೋಗಿ ‘ವೆ’ ಬರುವ ನಾಲ್ಕು ರೂಪಗಳ ಸುತ್ತ ಗೆರೆ ಎಳೆದರೆ ಬೂಟಿನ ಆಕಾರ ಮೂಡುತ್ತದೆಂದು ಇವುಗಳನ್ನು ಬೂಟು ಕ್ರಿಯಾಪದಗಳೆಂದೇ ಕಲಿಸುತ್ತಾರೆ. ನಾನು ಆ ಬೂಟನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅದರ ಕೆಳಗೆ ‘ಕೊಂತಾರ್ ಎಂದರೆ ಎಣಿಸು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ದಿನವೂ ಬೆಳಿಗ್ಗೆ ಅದನ್ನು ಒಂದು ಸಲ ಓದಿಯೇ ಕೆಲಸಕ್ಕೆ ಕೂರುತ್ತಿದ್ದೆ.

ಆಗ ನಾನು ಪೀಣ್ಯದಲ್ಲಿ ಪಂಪುಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿದ್ದೆ. ಅರ್ಜೆಂಟೀನಾದ ರೊಸಾರಿಯೊ ನಗರದ ಗ್ರಾಹಕರೊಬ್ಬರ ಪತ್ರಗಳನ್ನು ಓದಿ ಸಾರಾಂಶ ಬರೆದುಕೊಡುವ ಹೊಣೆ ನನ್ನದಾಗಿತ್ತು. ತಿಂಗಳ ಮೊದಲ ವಾರದಲ್ಲಿ ಬಂದ ಒಂದು ಇಮೇಲ್‌ನ ಕೊನೆಯ ಸಾಲು ಹೀಗಿತ್ತು: ‘ಪಾರ ಫಿನ್ ದೆ ಮೆಸ್ ಕೊಂತಾಮೊಸ್ ಕೊನ್ ಲೊಸ್ ಸಿಂಕ್ವೆಂತ ರೆಪ್ವೆಸ್ತೊಸ್.’ ನಾನು ಅದನ್ನು ‘ತಿಂಗಳ ಕೊನೆಯ ಲೆಕ್ಕಕ್ಕಾಗಿ ಐವತ್ತು ಬಿಡಿಭಾಗಗಳನ್ನು ಎಣಿಸಿದ್ದೇವೆ’ ಎಂದು ತಿಳಿದೆ, ಹಾಗೆಯೇ ಬರೆದುಕೊಟ್ಟೆ. ಅವರ ಬಳಿ ದಾಸ್ತಾನು ಇದೆಯೆಂದು ಭಾವಿಸಿದ ನಮ್ಮ ರವಾನೆ ವಿಭಾಗದವರು, ಅವರಿಗೆಂದು ಎತ್ತಿಟ್ಟಿದ್ದ ಸರಕನ್ನು ಬೇರೊಂದು ಆರ್ಡರಿಗೆ ಕೊಟ್ಟುಬಿಟ್ಟರು. ಆ ಸಾಲಿನ ನಿಜವಾದ ಅರ್ಥ ‘ತಿಂಗಳ ಕೊನೆಯ ಹೊತ್ತಿಗೆ ಆ ಐವತ್ತು ಬಿಡಿಭಾಗಗಳು ಕೈಸೇರುತ್ತವೆಂದು ನಂಬಿಕೊಂಡಿದ್ದೇವೆ’ ಎಂಬುದಾಗಿತ್ತು. ಅವರ ಘಟಕ ಹನ್ನೊಂದು ದಿನ ನಿಂತಿತು. ಸ್ಪ್ಯಾನಿಷ್ ಪತ್ರವ್ಯವಹಾರ ನನ್ನ ಕೈತಪ್ಪಿತು, ಆ ವರ್ಷ ರೊಸಾರಿಯೊಗೆ ಹೋಗಬೇಕಿದ್ದ ನನ್ನ ಪ್ರಯಾಣವೂ ರದ್ದಾಯಿತು.

ಆ ತಪ್ಪು ಹೇಗೆ ಹುಟ್ಟಿತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿ ನಿಮ್ಮನ್ನು ಕರೆದೊಯ್ಯುವುದೂ ಅಲ್ಲಿಗೇ. ‘ಕೊಂತಾಮೊಸ್’ ಎಂಬ ರೂಪ ವರ್ತಮಾನಕ್ಕೂ ಭೂತಕಾಲಕ್ಕೂ ಒಂದೇ. ‘ಎಣಿಸುತ್ತೇವೆ’ ಎಂದೂ ಆಗಬಹುದು, ‘ಎಣಿಸಿದೆವು’ ಎಂದೂ ಆಗಬಹುದು. ಈ ರೂಪ ನನ್ನ ಪಟ್ಟಿಯಲ್ಲೇ ಇತ್ತು, ಆದರೆ ಬೂಟಿನ ಹೊರಗಿತ್ತು. ತಿಂಗಳುಗಟ್ಟಲೆ ಕೆಂಪು ಗೆರೆಯೊಳಗಿನ ರೂಪಗಳನ್ನೇ ದಿಟ್ಟಿಸಿದ್ದರಿಂದ, ವರ್ತಮಾನಕಾಲವೆಂದರೆ ‘ಕ್ವೆಂ’ ಇರಲೇಬೇಕು, ‘ಕೊಂ’ ಕಂಡರೆ ಅದು ಕಳೆದುಹೋದ ಕಾಲ ಎಂಬ ನಿಯಮವೊಂದು, ಯಾರೂ ಕಲಿಸದಿದ್ದರೂ, ನನ್ನೊಳಗೆ ತಾನಾಗಿಯೇ ಬೇರೂರಿತ್ತು. ಹಾಗಾಗಿ ಆ ಪದ ಕಂಡೊಡನೆ ಕಾಲವನ್ನು ತೀರ್ಮಾನಿಸಿಬಿಟ್ಟೆ. ಕಾಲ ತೀರ್ಮಾನವಾದ ಮೇಲೆ ‘ಎಣಿಸಿದೆವು’ ಎಂಬ ಅರ್ಥ ಸರಾಗವಾಗಿ ಹೊಂದಿಕೊಂಡಿತು, ಅದರ ಪಕ್ಕದಲ್ಲಿಯೇ ಇದ್ದ ‘ಕೊನ್’ ಎಂಬ ಪುಟ್ಟ ಪದವನ್ನು ಕಣ್ಣು ದಾಟಿಹೋಯಿತು. ವಸ್ತುಗಳನ್ನು ಎಣಿಸುವಾಗ ‘ಕೊನ್’ ಬೇಕಾಗಿಯೇ ಇಲ್ಲ. ಅದು ಬಂದಿದೆಯೆಂದರೆ ಸಾಮಾನ್ಯವಾಗಿ ಅರ್ಥ ‘ನೆಚ್ಚಿಕೊಂಡಿರು’ ಎಂದೋ, ‘ಹೊಂದಿರು’ ಎಂದೋ ಆಗುತ್ತದೆ. ರೂಪವನ್ನು ಅರ್ಥದಿಂದಲೂ ಅರ್ಥವನ್ನು ವಾಕ್ಯದಿಂದಲೂ ಬೇರ್ಪಡಿಸಿ ಕಲಿತದ್ದೇ ನನ್ನ ತಪ್ಪಿನ ಮೂಲ.

ಆದ್ದರಿಂದ ನಿಮಗೆ ಯಾವ ಪಟ್ಟಿಯನ್ನೂ ಸೂಚಿಸಲಾರೆ. ಕಿವಿಗೆ ಕೇಳುವ ಒಂದು ಕಾರಣವನ್ನು ಕಣ್ಣಿಗೆ ಕಾಣುವ ಚಿತ್ರವಾಗಿ ಪಟ್ಟಿ ಬದಲಾಯಿಸಿಬಿಡುತ್ತದೆ. ಆ ಕಾರಣವೆಂದರೆ ಉಚ್ಚಾರಣೆಯ ಒತ್ತು. ಲ್ಯಾಟಿನ್‌ನ ಹ್ರಸ್ವ ‘ಒ’ ಮತ್ತು ಹ್ರಸ್ವ ‘ಎ’ ಸ್ವರಗಳು ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ‘ವೆ’ ಮತ್ತು ‘ಯೆ’ ಆಗಿ ಒಡೆದವು. ಒತ್ತು ಬೀಳದ ಕಡೆ ‘ಒ’, ‘ಎ’ ಆಗಿಯೇ ಉಳಿದವು. ಕ್ವೆಂತೊ ಎನ್ನುವಾಗ ಒತ್ತು ಧಾತುವಿನ ಮೇಲಿದೆ, ಆದ್ದರಿಂದ ಸ್ವರ ಒಡೆಯಿತು. ಕೊಂತಾಮೊಸ್ ಎನ್ನುವಾಗ ಒತ್ತು ‘ತಾ’ ಮೇಲೆ ಸರಿಯಿತು, ಆದ್ದರಿಂದ ‘ಒ’ ಹಾಗೆಯೇ ನಿಂತಿತು. ಕೊಂತೇ (ಎಣಿಸಿದೆನು), ಕೊಂತೋ (ಎಣಿಸಿದನು) ಎಂಬ ಭೂತಕಾಲದ ರೂಪಗಳಲ್ಲಿ ಸ್ವರ ಬದಲಾಗದಿರುವುದಕ್ಕೂ ಇದೇ ಕಾರಣ. ಇದು ಕ್ರಿಯಾಪದಗಳಿಗಷ್ಟೇ ಸೇರಿದ್ದಲ್ಲ. ಏಳು ‘ಸ್ಯೆತೆ’, ಎಪ್ಪತ್ತು ‘ಸೆತೆಂತ’. ಒಂಬತ್ತು ‘ನ್ವೆಬೆ’, ತೊಂಬತ್ತು ‘ನೊಬೆಂತ’. ಬಾಗಿಲು ‘ಪ್ವೆರ್ತ’, ಬಾಗಿಲು ಕಾಯುವವನು ‘ಪೊರ್ತೆರೊ’. ಇವುಗಳನ್ನು ಗಟ್ಟಿಯಾಗಿ ಹೇಳಿ ನೋಡಿ, ಒತ್ತು ಮುಂದಕ್ಕೆ ಸರಿದಾಗಲೆಲ್ಲ ಸ್ವರ ಹಿಂದಿನ ರೂಪಕ್ಕೆ ಮರಳುವುದು ನಿಮ್ಮ ಕಿವಿಗೇ ತಿಳಿಯುತ್ತದೆ.

ರೊಸಾರಿಯೊದವರು ಫೋನಿನಲ್ಲಿ ‘ಕೊಂತಾಮೆ’ ಎಂದಾಗ, ಅಂದರೆ ‘ನನಗೆ ಹೇಳು’ ಎಂದಾಗ, ಅವರು ಬಾಯಿತಪ್ಪಿ ಹೇಳಿದರೆಂದು ನಾನು ಬಹಳ ಕಾಲ ತಿಳಿದಿದ್ದೆ. ಪುಸ್ತಕದಲ್ಲಿ ‘ಕ್ವೆಂತಮೆ’ ಎಂದಿತ್ತು. ಅರ್ಜೆಂಟೀನಾದಲ್ಲಿ ‘ನೀನು’ ಎನ್ನಲು ‘ತೂ’ ಬದಲು ‘ಬೊಸ್’ ಬಳಸುತ್ತಾರೆ, ಅದರೊಂದಿಗೆ ಬರುವ ‘ಕೊಂತಾಸ್’ ರೂಪದಲ್ಲಿ ಒತ್ತು ಕೊನೆಗೆ ಬೀಳುತ್ತದೆ. ಹಾಗಾಗಿ ಅಲ್ಲಿ ಸ್ವರ ಒಡೆಯುವುದಿಲ್ಲ. ಬೂಟಿನ ಚಿತ್ರ ಅಲ್ಲಿ ಮುರಿದುಬೀಳುತ್ತದೆ, ಒತ್ತಿನ ನಿಯಮ ಮಾತ್ರ ಕದಲುವುದಿಲ್ಲ.

ಇನ್ನು ಅರ್ಥಗಳು. ಕೊಂತಾರ್ ಎಂದರೆ ಎಣಿಸು, ಕಥೆ ಹೇಳು, ಲೆಕ್ಕಕ್ಕೆ ಬರು. ‘ಕೊನ್’ ಸೇರಿದರೆ ನೆಚ್ಚಿಕೊಳ್ಳು. ಇವು ನಾಲ್ಕು ಬೇರೆ ಬೇರೆ ಪದಗಳಂತೆ ಕಂಡರೂ ಕನ್ನಡಿಗರಾದ ನಮಗೆ ಇದು ಕಷ್ಟವಾಗಬಾರದು. ‘ಹೀಗಾಗುತ್ತದೆಂದು ಎಣಿಸಿರಲಿಲ್ಲ’ ಎನ್ನುವಾಗ ನಾವು ಯಾವ ವಸ್ತುವನ್ನು ಎಣಿಸುತ್ತಿರುತ್ತೇವೆ? ನಮ್ಮ ದಕ್ಷಿಣ ಕನ್ನಡದ ಕಡೆ ‘ನೀನು ಬರುತ್ತೀ ಎಂದು ಎಣಿಸಿದ್ದೆ’ ಎನ್ನುವುದು ನಿತ್ಯದ ಮಾತು. ಎಣಿಕೆಯಿಂದ ನಿರೀಕ್ಷೆಗೆ ಹೋಗುವ ಆ ದಾರಿಯನ್ನು ನಮ್ಮ ಭಾಷೆಯೂ ನಡೆದಿದೆ, ಅವರದೂ ನಡೆದಿದೆ. ‘ಎಸೊ ನೊ ಕ್ವೆಂತ’ ಎಂಬುದು ನಮ್ಮ ‘ಅದು ಲೆಕ್ಕಕ್ಕಿಲ್ಲ’. ‘ತೆನೆರ್ ಎನ್ ಕ್ವೆಂತ’ ಎಂಬುದು ನಮ್ಮ ‘ಗಣನೆಗೆ ತೆಗೆದುಕೊಳ್ಳು’. ಗಣನೆ ಎಂದರೂ ಎಣಿಕೆಯೇ ತಾನೇ. ನಾನು ಬೆಳೆದ ಮನೆಯ ಮಾತಿನಲ್ಲಿಯೇ ಇದ್ದ ಈ ಅರ್ಥ ಆ ಪತ್ರ ಓದುವಾಗ ನೆನಪಿಗೆ ಬರಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಯಾವ ಕ್ರಿಯಾಪದದಲ್ಲಿ ಸ್ವರ ಒಡೆಯುತ್ತದೆ ಎಂಬುದನ್ನು ರೂಪ ನೋಡಿ ಹೇಳಲಾಗದು: ಕೊಂತಾರ್‌ನಲ್ಲಿ ಒಡೆಯುತ್ತದೆ, ಅದರಂತೆಯೇ ಕಾಣುವ ‘ಮೊಂತಾರ್’ನಲ್ಲಿ ಒಡೆಯುವುದಿಲ್ಲ. ಇದಕ್ಕೂ ಪಟ್ಟಿಗಿಂತ ಒಳ್ಳೆಯ ಉಪಾಯವಿದೆ. ಕ್ರಿಯಾಪದವನ್ನು ಅದರ ನಾಮಪದದ ಜೊತೆ ಕಲಿಯಿರಿ. ಲೆಕ್ಕದ ಚೀಟಿ (ಬಿಲ್) ‘ಕ್ವೆಂತ’, ಕಥೆ ‘ಕ್ವೆಂತೊ’. ಕನಸು ‘ಸ್ವೆನ್ಯೊ’, ಕನಸು ಕಾಣು ‘ಸೊನ್ಯಾರ್’. ಮಧ್ಯಾಹ್ನದ ಊಟ ‘ಅಲ್ಮ್ವೆರ್ಸೊ’, ಊಟ ಮಾಡು ‘ಅಲ್ಮೊರ್ಸಾರ್’. ನಾಮಪದದಲ್ಲಿ ‘ವೆ’ ಕೇಳಿಸಿದರೆ ಕ್ರಿಯಾಪದವೂ ಒಡೆಯುವುದೆಂದು ನಿರೀಕ್ಷಿಸಬಹುದು. ‘ಇರ್’ ಎಂದು ಕೊನೆಗೊಳ್ಳುವ ದೊರ್ಮಿರ್, ಸೆಂತಿರ್ ಮುಂತಾದವುಗಳಲ್ಲಿ ಭೂತಕಾಲದ ಪ್ರಥಮಪುರುಷದಲ್ಲಿಯೂ ಸ್ವರ ಬದಲಾಗಿ ದುರ್ಮ್ಯೋ, ಸಿಂತ್ಯೋ ಎಂದಾಗುತ್ತದೆ. ಅದು ಬೇರೆ ವಿಷಯ, ಈಗಲೇ ಅದಕ್ಕೆ ಕೈಹಾಕಬೇಡಿ.

ಒಂದು ವಾರ ಎರಡೇ ವಾಕ್ಯಗಳನ್ನು ಇಟ್ಟುಕೊಂಡು ಗಟ್ಟಿಯಾಗಿ ಹೇಳಿ. ‘ಆಯೆರ್ ಕೊಂತಾಮೊಸ್ ಲಾಸ್ ಕಾಹಾಸ್’, ನಿನ್ನೆ ಪೆಟ್ಟಿಗೆಗಳನ್ನು ಎಣಿಸಿದೆವು. ‘ಕೊಂತಾಮೊಸ್ ಕೊನ್ ಉಸ್ತೇದೆಸ್’, ನಿಮ್ಮನ್ನೇ ನೆಚ್ಚಿಕೊಂಡಿದ್ದೇವೆ. ಎರಡರಲ್ಲೂ ಕ್ರಿಯಾಪದ ಒಂದೇ. ಮೊದಲನೆಯದರ ಕಾಲವನ್ನು ತಿಳಿಸುವುದು ‘ಆಯೆರ್’, ಎರಡನೆಯದರ ಅರ್ಥವನ್ನು ತಿಳಿಸುವುದು ‘ಕೊನ್’. ಈಗ ನಾನು ಯಾವುದೇ ಪತ್ರದಲ್ಲಿ ಈ ಪದ ಕಂಡರೂ ಮೊದಲು ಅದರ ಬಲಗಡೆ ಏನಿದೆಯೆಂದು ನೋಡುತ್ತೇನೆ, ಆಮೇಲೆ ವಾಕ್ಯದ ಆರಂಭಕ್ಕೆ ಹಿಂತಿರುಗಿ ದಿನವನ್ನೋ ತಿಂಗಳನ್ನೋ ಹುಡುಕುತ್ತೇನೆ.