ಎಲ್ಲ ಹೊಸದು ಹಾಕಿದ ಮೇಲೂ ಕ್ಯಾಮರೋ ಯಾಕೆ ಎತ್ತರ ನಿಂತಿದೆ?

ಪ್ರಶ್ನೆ: ನಾವಿರುವುದು ಓಹಾಯೋದ ಸಿನ್ಸಿನಾಟಿಯಲ್ಲಿ. ನನ್ನ ಹತ್ತಿರ 1969ರ ಶೆವರ್ಲೆ ಕ್ಯಾಮರೋ ಇದೆ. 350 ಘನ ಇಂಚಿನ ಇಂಜಿನ್, ಎ.ಸಿ. ಇಲ್ಲ. ಈ ಚಳಿಗಾಲ ನಾನು, ಮಗ ಸೇರಿ ಮುಂದಿನ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆವು. ಬಾಲ್ ಜಾಯಿಂಟ್, ರಬ್ಬರ್ ಬುಷ್, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಟೈ ರಾಡ್ ಎಲ್ಲ ಹೊಸದು. ಈಗ ಮುಂಭಾಗ ಎರಡು ಇಂಚು ಎತ್ತರ ನಿಂತಿದೆ. ಸಣ್ಣ ಗುಂಡಿ ಸಿಕ್ಕರೂ ಎಗರುತ್ತದೆ. ಹೈವೇಯಲ್ಲಿ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಹಳೇ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೇ ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದ್ದೇವೆ. ಎಲ್ಲಿ ತಪ್ಪಿದೆವು ಸರ್?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನೀವು ಹೇಳಿದ್ದನ್ನು ನೋಡಿದರೆ ಮತ್ತೆ ಎಲ್ಲ ಬಿಚ್ಚುವ ಕೆಲಸ ಬಹುಶಃ ಬರುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ. ಚಕ್ರವನ್ನು ಫ್ರೇಮಿಗೆ ಸೇರಿಸಿ ಮೇಲೆ ಕೆಳಗೆ ಆಡಲು ಬಿಡುವ ತೋಳುಗಳಾದ ಕಂಟ್ರೋಲ್ ಆರ್ಮ್‌ಗಳ ಬುಷ್ ಬೋಲ್ಟುಗಳನ್ನು ಬಿಗಿ ಮಾಡಿದಾಗ ಕಾರು ಸ್ಟ್ಯಾಂಡ್ ಮೇಲಿತ್ತಾ? ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದವಾ? ಹೌದು ಎಂದಾದರೆ ತಪ್ಪು ಅಲ್ಲೇ ಇದೆ. ಮನೆಯಲ್ಲಿ ಈ ಕೆಲಸ ಮಾಡುವವರಲ್ಲಿ ತುಂಬಾ ಜನ ಎಡವುವ ಜಾಗ ಇದು. ಮೊದಲ ಸಲ ಮಾಡಿದಾಗ ನಾನೂ ಹೀಗೇ ಮಾಡಿದ್ದೆ.

ರಬ್ಬರ್ ಬುಷ್ ಬಾಗಿಲಿನ ಕೀಲಿನ ಹಾಗೆ ಜಾರುತ್ತಾ ತಿರುಗುವುದಿಲ್ಲ. ಹೊರಗೊಂದು ಉಕ್ಕಿನ ಕವಚ, ಒಳಗೊಂದು ಉಕ್ಕಿನ ಕೊಳವೆ, ನಡುವೆ ರಬ್ಬರ್. ಬೋಲ್ಟು ಬಿಗಿಯಾದ ಕೂಡಲೇ ಒಳಗಿನ ಕೊಳವೆ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಬೇಕಾದರೆ ನಡುವಿನ ರಬ್ಬರೇ ತಿರುಚಿಕೊಳ್ಳಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರಿಗೆ ಆ ಸ್ಥಿತಿಯೇ ನೆಮ್ಮದಿ. ಕಾರನ್ನು ನೆಲಕ್ಕೆ ಇಳಿಸಿದಾಗ ಅದು ತಿರುಚಿಕೊಂಡೇ ನಿಲ್ಲುತ್ತದೆ, ಆರ್ಮನ್ನು ಕೆಳಕ್ಕೆ ತಳ್ಳುತ್ತಲೇ ಇರುತ್ತದೆ. ಅಂದರೆ ಕಾರಿಗೆ ನೀವು ಹಾಕದ ಇನ್ನೊಂದು ಸ್ಪ್ರಿಂಗ್ ಸೇರಿಕೊಂಡಂತೆ. ಮೂತಿ ಎತ್ತರ ನಿಲ್ಲುವುದು, ಗುಂಡಿಗೆ ಎಗರುವುದು ಎರಡೂ ಇದರಿಂದಲೇ. ಹಾಗೇ ಓಡಿಸಿದರೆ ಹೊಸ ರಬ್ಬರ್ ಬೇಗ ಹರಿದುಹೋಗುತ್ತದೆ.

ಹೀಗೆ ಮಾಡಿ. ಕೆಳಗಿನ ಆರ್ಮ್‌ನ ಎರಡೂ ಬುಷ್ ಬೋಲ್ಟು, ಮೇಲಿನ ಆರ್ಮ್‌ನ ಕ್ರಾಸ್ ಶಾಫ್ಟಿನ (ಆರ್ಮನ್ನು ಫ್ರೇಮಿಗೆ ಹಿಡಿಸುವ ದಂಡ) ತುದಿಯಲ್ಲಿರುವುದು, ಎಲ್ಲವನ್ನೂ ಎರಡೂ ಕಡೆ ಸಡಿಲ ಮಾಡಿ. ಪೂರ್ತಿ ತೆಗೆಯಬೇಡಿ. ಆಮೇಲೆ ಕಾರಿನ ಭಾರ ಚಕ್ರಗಳ ಮೇಲೇ ಬರುವಂತೆ ನಿಲ್ಲಿಸಿ. ಚಕ್ರದ ಮೇಲೇ ಕಾರನ್ನು ಎತ್ತುವ ಲಿಫ್ಟ್ ಇದ್ದರೆ ಸಲೀಸು, ಇಲ್ಲದಿದ್ದರೆ ಗಟ್ಟಿ ರ‍್ಯಾಂಪ್ ಸಾಕು. ಬಂಪರ್ ಹಿಡಿದು ನಾಲ್ಕೈದು ಸಲ ಕುಲುಕಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ. ಆರ್ಮ್‌ಗಳು ತಮ್ಮ ಜಾಗಕ್ಕೆ ಕೂರುತ್ತವೆ. ಆಗ ಮ್ಯಾನ್ಯುಯಲ್ ಹೇಳಿದಷ್ಟು ಟಾರ್ಕ್‌ಗೆ ಬಿಗಿ ಮಾಡಿ.

ಇಷ್ಟಾದ ಮೇಲೂ ಮೂತಿ ಇಳಿಯದಿದ್ದರೆ ಸ್ಪ್ರಿಂಗ್ ನೋಡಬೇಕು. ಹೊಸ ಸ್ಪ್ರಿಂಗ್ ಸ್ವಲ್ಪ ಓಡಾಟದ ನಂತರ ಕೂರುತ್ತದೆ ನಿಜ, ಆದರೆ ಎರಡು ಇಂಚು ಕೂರುವುದಿಲ್ಲ. ಅಂಗಡಿಯವರು ದೊಡ್ಡ ಇಂಜಿನ್ನಾದ 396 ಬಿಗ್ ಬ್ಲಾಕ್‌ನದ್ದೋ, ಎ.ಸಿ. ಇರುವ ಕಾರಿನದ್ದೋ ಕೊಟ್ಟಿರಬಹುದು. ಆ ಕಾರುಗಳ ಮೂತಿ ಭಾರ, ಸ್ಪ್ರಿಂಗೂ ಅಷ್ಟೇ ಗಟ್ಟಿ. ಪಾರ್ಟ್ ನಂಬರ್ ತಾಳೆ ನೋಡಿ. ಸ್ಪ್ರಿಂಗ್ ಸರಿಯಾಗಿ ಕೂತಿದೆಯಾ ಎಂದು ತಿಳಿಯುವ ಗುರುತು ಕೆಳಗಿನ ಆರ್ಮ್‌ನಲ್ಲೇ ಇದೆ. ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಎರಡು ಸಣ್ಣ ತೂತುಗಳಿವೆ. ಸ್ಪ್ರಿಂಗಿನ ತುದಿ ಒಂದು ತೂತನ್ನು ಮುಚ್ಚಿರಬೇಕು, ಇನ್ನೊಂದು ಸ್ವಲ್ಪವಾದರೂ ತೆರೆದಿರಬೇಕು. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ಕಾಣುತ್ತದೆ.

ಸ್ಪ್ರಿಂಗ್ ತೆಗೆಯಲೇಬೇಕು ಎಂದಾದರೆ ದಯವಿಟ್ಟು ಅವಸರ ಬೇಡ. ಈ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಇರುವ ಹಂತ ಇದೇ. ಒತ್ತಿ ಹಿಡಿದಿರುವ ಸ್ಪ್ರಿಂಗ್ ತಪ್ಪಿಸಿಕೊಂಡರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ ಬಳಸಿ. ಸ್ಪ್ರಿಂಗಿನೊಳಗೆ ಸರಪಳಿ ಹಾಯಿಸಿ ಫ್ರೇಮಿಗೆ ಕಟ್ಟಿ. ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್ ನಟ್ಟನ್ನು ಪೂರ್ತಿ ಬಿಚ್ಚದೆ ಕೆಲವು ಸುತ್ತು ಉಳಿಸಿ, ಆಮೇಲೆ ಜಾಯಿಂಟ್ ಬಿಡಿಸಿ. ಕೆಳಗಿನ ಆರ್ಮ್ ಅಡಿಯಲ್ಲಿ ಜಾಕ್ ಇರಲೇಬೇಕು. ಮಗನನ್ನು ಎದುರಿಗೆ ನಿಲ್ಲಿಸಬೇಡಿ, ಪಕ್ಕಕ್ಕಿರಲಿ.

ಇನ್ನು ಹೈವೇಯಲ್ಲಿ ಅಲೆದಾಡುವ ಮಾತು. ಇಲ್ಲಿ ನಿಮ್ಮದೂ ತಪ್ಪಿಲ್ಲ, ಅಲೈನ್‌ಮೆಂಟ್ ಮಾಡಿದವರದ್ದೂ ತಪ್ಪಿಲ್ಲ. 1969ರ ಮ್ಯಾನ್ಯುಯಲ್ ಬರೆದದ್ದು ಆ ಕಾಲದ ಬಯಾಸ್ ಪ್ಲೈ ಟೈರಿಗೆ (ಒಳಗಿನ ದಾರಗಳನ್ನು ಓರೆಯಾಗಿ ಹಾಕಿದ ಹಳೇ ಬಗೆ). ಅದರಲ್ಲಿ ಕ್ಯಾಸ್ಟರ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಬರೀ ಅರ್ಧ ಡಿಗ್ರಿ ಆಸುಪಾಸು. ಈಗ ನಿಮ್ಮ ಕಾರಿನಲ್ಲಿರುವುದು ಈಗಿನ ಬಗೆಯ ರೇಡಿಯಲ್ ಟೈರು ಅಲ್ವಾ? ಅದಕ್ಕೆ ಕ್ಯಾಸ್ಟರ್ ಜಾಸ್ತಿ ಬೇಕು. ಪಾಸಿಟಿವ್ 3 ಡಿಗ್ರಿ ಹತ್ತಿರ ಬಂದರೆ ಒಳ್ಳೆಯದು. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ, ಒಳಕ್ಕೆ ವಾಲಿದರೆ ನೆಗೆಟಿವ್) ಸೊನ್ನೆಯಿಂದ ನೆಗೆಟಿವ್ ಅರ್ಧ ಡಿಗ್ರಿಯೊಳಗೆ, ಟೋ-ಇನ್ (ಮುಂದಿನ ಎರಡು ಚಕ್ರಗಳ ಮುಂಬದಿ ಒಳಕ್ಕೆ ತಿರುಗಿರುವ ಅಳತೆ) 1/16 ರಿಂದ 1/8 ಇಂಚು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದರಿಂದ ಕೂಡ ಕೈ ಬಿಟ್ಟರೂ ಅದು ನೇರ ಹೋಗಲು ನೋಡುತ್ತದೆ. ಕ್ಯಾಸ್ಟರ್ ಮಾಡುವ ಕೆಲಸವೂ ಅಂಥದ್ದೇ.

ಕ್ಯಾಮರೋದಲ್ಲಿ ಇದನ್ನು ಹೊಂದಿಸುವುದು ಮೇಲಿನ ಆರ್ಮ್‌ನ ಶಾಫ್ಟು ಮತ್ತು ಫ್ರೇಮಿನ ನಡುವೆ ಇಡುವ ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳಿಂದ. 1/32 ಇಂಚಿನ ಒಂದು ಶಿಮ್ಮನ್ನು ಮುಂದಿನ ಬೋಲ್ಟಿನಿಂದ ತೆಗೆದು ಹಿಂದಿನದಕ್ಕೆ ಹಾಕಿದರೆ ಕ್ಯಾಸ್ಟರ್ ಸುಮಾರು ಅರ್ಧ ಡಿಗ್ರಿ ಹೆಚ್ಚುತ್ತದೆ. ಎರಡೂ ಬೋಲ್ಟಿಗೆ ಒಂದೊಂದು ಸೇರಿಸಿದರೆ ಕ್ಯಾಂಬರ್ ನೆಗೆಟಿವ್ ಕಡೆಗೆ ಹೋಗುತ್ತದೆ. ಶಿಮ್ ಹಾಕುತ್ತಾ ಹೋದರೆ ಬೋಲ್ಟಿನಲ್ಲಿ ನಟ್ಟು ಹಿಡಿಯಲು ಸಾಕಷ್ಟು ಥ್ರೆಡ್ ಉಳಿದಿದೆಯೇ ಎಂದು ನೋಡಿಕೊಳ್ಳಿ.

ಒಂದು ಕಡೆ 3 ಡಿಗ್ರಿ ಬಂದು ಇನ್ನೊಂದು ಕಡೆ ಬರುತ್ತಲೇ ಇಲ್ಲವಾದರೆ ಶಿಮ್ ಜೊತೆ ಗುದ್ದಾಡಬೇಡಿ. ಈ ಕಾರಿನ ಇಂಜಿನ್, ಸಸ್ಪೆನ್ಷನ್ ಹೊರುವ ಮುಂದಿನ ಸಬ್‌ಫ್ರೇಮ್ ಬಾಡಿಗೆ ರಬ್ಬರ್ ಮೌಂಟಿನ ಮೂಲಕ ಬೋಲ್ಟಾಗಿದೆ. ನಿಮ್ಮೂರಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಐವತ್ತು ವರ್ಷ ಆ ಉಪ್ಪು ತಿಂದ ಮೌಂಟು ಕುಸಿದು ಸಬ್‌ಫ್ರೇಮ್ ಸರಿದಿರುವುದು ಅಪರೂಪವಲ್ಲ. ಮೌಂಟಿನ ಸುತ್ತಲಿನ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಮೊದಲು ಆ ಕೆಲಸ.

ಮತ್ತೆ, ಎತ್ತರ ಸರಿಹೋದ ಮೇಲೇ ಅಲೈನ್‌ಮೆಂಟ್ ಮಾಡಿಸಿ. ಈಗಿನ ಎತ್ತರದಲ್ಲಿ ಮಾಡಿಸಿದರೆ ಆ ದುಡ್ಡು ಸುಮ್ನೆ ದಂಡ.

ಪ್ರಶ್ನೆ: ರಬ್ಬರ್ ಬುಷ್ ಬದಲು ಪಾಲಿಯೂರಿಥೇನ್ ಹಾಕಿದರೆ ಈ ತಲೆನೋವೇ ಇರುವುದಿಲ್ಲ ಎನ್ನುತ್ತಾರೆ. ನಿಜವಾ?

ಉತ್ತರ: ತಿರುಚುವ ಸಮಸ್ಯೆ ಇರುವುದಿಲ್ಲ, ಅದು ನಿಜ. ಪಾಲಿ ಬುಷ್ ತನ್ನ ಒಳಗಿನ ಕೊಳವೆಯ ಮೇಲೆ ಜಾರುತ್ತಾ ತಿರುಗುತ್ತದೆ. ಆದರೆ ಜಾರಬೇಕಾದರೆ ಗ್ರೀಸ್ ಬೇಕು. ಅದು ಒಣಗಿದರೆ ಕಿರುಗುಟ್ಟುತ್ತದೆ. ರಸ್ತೆಯ ಪ್ರತಿ ಗೆರೆಯೂ ಕೈಗೆ ಗೊತ್ತಾಗುತ್ತದೆ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಸುತ್ತಾಡುವ ಕಾರಿಗೆ ನಾನು ಒಳ್ಳೆಯ ರಬ್ಬರನ್ನೇ ಹಾಕುತ್ತೇನೆ.

ಪ್ರಶ್ನೆ: ನನ್ನದು 1966ರ ಮಸ್ಟಾಂಗ್. ಮುಂದಿನ ಚಕ್ರ ಎತ್ತಿ ಅಲ್ಲಾಡಿಸಿದೆ, ಬಾಲ್ ಜಾಯಿಂಟಿನಲ್ಲಿ ಸಡಿಲಿಕೆಯ ಆಟವೇ ಸಿಗಲಿಲ್ಲ. ಆದರೂ ಓಡಿಸುವಾಗ ಟಕ್ ಟಕ್ ಸದ್ದು.

ಉತ್ತರ: ಜಾಕ್ ಎಲ್ಲಿ ಇಟ್ಟಿದ್ದಿರಿ? ಕ್ಯಾಮರೋದಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದೆ, ಹಾಗಾಗಿ ಕೆಳಗಿನ ಆರ್ಮ್ ಅಡಿಗೇ ಜಾಕ್ ಕೊಡಬೇಕು. ನಿಮ್ಮ ಮಸ್ಟಾಂಗಿನಲ್ಲಿ ಸ್ಪ್ರಿಂಗ್ ಇರುವುದು ಮೇಲಿನ ಆರ್ಮ್ ಮೇಲೆ. ಭಾರ ಹೊರುವುದು, ಮೊದಲು ಸವೆಯುವುದು ಮೇಲಿನ ಬಾಲ್ ಜಾಯಿಂಟೇ. ಮೇಲಿನ ಆರ್ಮ್ ಅಡಿಗೆ ಗಟ್ಟಿ ಮರದ ತುಂಡು ಸಿಕ್ಕಿಸಿ, ಫ್ರೇಮಿಗೆ ಜಾಕ್ ಕೊಟ್ಟು ಎತ್ತಿ. ಆಗ ಆ ಜಾಯಿಂಟಿನ ಮೇಲಿನ ಸ್ಪ್ರಿಂಗ್ ಒತ್ತಡ ಹೋಗಿ, ಆಟ ಇದ್ದರೆ ಕೈಗೆ ಸಿಗುತ್ತದೆ.

ಮೇಲಿನ ಆರ್ಮ್ ಹೇಗೂ ಬಿಚ್ಚುವುದಾದರೆ ಒಂದು ಸಲಹೆ. ಫೋರ್ಡ್ ಇಂಜಿನಿಯರ್ ಕ್ಲಾಸ್ ಆರ್ನಿಂಗ್ ಕಂಡುಕೊಂಡ ಉಪಾಯವೊಂದಿದೆ. ಮೇಲಿನ ಆರ್ಮ್ ಕೂರುವ ತೂತುಗಳನ್ನು 1 ಇಂಚು ಕೆಳಗೆ ಕೊರೆಯುವುದು. ಮಸ್ಟಾಂಗನ್ನೇ ಮಾರ್ಪಡಿಸಿದ 1965ರ ಶೆಲ್ಬಿ ಜಿ.ಟಿ. 350 ಕಾರುಗಳಲ್ಲಿ ಇದನ್ನೇ ಮಾಡಿದ್ದರು. ತಿರುವಿನಲ್ಲಿ ಹೊರಗಿನ ಟೈರು ರಸ್ತೆಗೆ ಚೆನ್ನಾಗಿ ಕೂರುತ್ತದೆ. ಖರ್ಚು ಒಂದು ಟೆಂಪ್ಲೇಟು, ಒಂದು ಒಳ್ಳೆಯ ಡ್ರಿಲ್ ಬಿಟ್ಟು. ಕೊರೆಯುವ ಮುಂಚೆ ಎರಡೂ ಕಡೆಯ ಅಳತೆ ಎರಡೆರಡು ಸಲ ನೋಡಿಕೊಳ್ಳಿ.