ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಮಾಡಿದ ವೈರಿಂಗ್‌ನಲ್ಲಿ ದೋಷವಿದ್ದರೆ ಯಾರಿಗೆ ದೂರು ಕೊಡಬೇಕು?

ನಿಮ್ಮ ತೊಂದರೆ ಇಷ್ಟು: ಹೊಸ ಮನೆಗೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ವೈರಿಂಗ್ ಮಾಡಿದ್ದಾರೆ, ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿದರೆ ‘ಮನೆಯೊಳಗಿನ ವೈರಿಂಗ್ ನಮಗೆ ಸೇರಿದ್ದಲ್ಲ’ ಎಂದರು.

ಗೀಸರ್‌ನ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಈಗಲೇ ಇಳಿಸಿ, ಮತ್ತೆ ಹಾಕಬೇಡಿ. ಆದರೆ ಬೇರೆ ಮೇಸ್ತ್ರಿಯನ್ನು ಕರೆಸಿ ಬೋರ್ಡ್ ಬಿಚ್ಚಿಸಲೂ ಬೇಡಿ. ಬಹಳಷ್ಟು ದೂರುಗಳು ಬಿದ್ದುಹೋಗುವುದು ಇಲ್ಲೇ. ರಿಪೇರಿ ಆದ ಮೇಲೆ ತಪ್ಪು ಯಾರದೆಂದು ತೋರಿಸಲು ಏನೂ ಉಳಿಯುವುದಿಲ್ಲ.

ವಿದ್ಯುತ್ ಕಂಪನಿ ಹೇಳಿದ್ದು ಸರಿ. ಆದರೂ ಅವರ ಉಪವಿಭಾಗ ಕಚೇರಿಯಲ್ಲಿ ಕೇಳಬೇಕಾದ ಒಂದು ಕಾಗದವಿದೆ: ಸಂಪರ್ಕ ಪಡೆಯುವಾಗ ಕೊಟ್ಟ ವೈರಿಂಗ್ ಕಂಪ್ಲೀಷನ್ ರಿಪೋರ್ಟ್. ಅದರಲ್ಲಿ ಕಾಂಟ್ರಾಕ್ಟರ್‌ನ ಲೈಸೆನ್ಸ್ ನಂಬರ್, ಸಹಿ, ಟೆಸ್ಟ್ ಫಲಿತಾಂಶ ಇರುತ್ತವೆ. ಕೆಲಸ ಮಾಡಿದವನೊಬ್ಬ, ಸಹಿ ಹಾಕಿದವನು ಇನ್ನೊಬ್ಬ ಆಗಿರುವುದು ಅಪರೂಪವೇನಲ್ಲ. ಹಾಗಿದ್ದರೆ ದೂರು ಸಹಿ ಹಾಕಿದವನ ಮೇಲೇ ಇರಲಿ. ಗೋಡೆಯೊಳಗೆ ಅಡಗಿ ಹೋಗುವ ವೈರಿಂಗ್‌ಗೆ ಹೊಣೆ ಹೊರುವವನು ಅವನೊಬ್ಬನೇ, ಆದ್ದರಿಂದ ಸಹಿಯನ್ನು ಮಾರಿಕೊಳ್ಳುವುದನ್ನು ನಾನು ಸಣ್ಣ ತಪ್ಪೆಂದು ಒಪ್ಪುವುದಿಲ್ಲ.

ಕರ್ನಾಟಕದಲ್ಲಿ ಈ ಲೈಸೆನ್ಸ್ ವ್ಯವಸ್ಥೆ ಇರುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ (ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್) ಕೈಯಲ್ಲಿ. ನಿಮ್ಮ ಜಿಲ್ಲೆಯ ವಿದ್ಯುತ್ ಪರಿವೀಕ್ಷಕರಿಗೆ ಲಿಖಿತ ದೂರು ಕೊಟ್ಟು, ಪ್ರತಿಯನ್ನು ಬೆಂಗಳೂರಿನ ಮುಖ್ಯ ವಿದ್ಯುತ್ ಪರಿವೀಕ್ಷಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ‘ಕೆಲಸ ಚೆನ್ನಾಗಿಲ್ಲ’ ಎಂದಷ್ಟೇ ಬರೆದರೆ ಏನೂ ಪ್ರಯೋಜನವಿಲ್ಲ. ಅಳೆದು ನೋಡಬಹುದಾದದ್ದನ್ನು ಬರೆಯಿರಿ: ಗೀಸರ್ ಸಾಕೆಟ್‌ಗೆ ಅರ್ತ್ ತಂತಿ ಬಂದಿದೆಯೇ, ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇದೆಯೇ ಅಥವಾ ಪದೇಪದೇ ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡಿದ್ದಾರೆಯೇ, 1.5 ಚದರ ಮಿ.ಮೀ. ವೈರಿಗೆ 32 ಆಂಪ್ ಎಂಸಿಬಿ ಕೂರಿಸಿದ್ದಾರೆಯೇ. ಈ ಕೊನೆಯದಿದ್ದರೆ ಎಂಸಿಬಿ ಬೀಳುವ ಮೊದಲೇ ವೈರ್ ಬೆಂದುಹೋಗಬಹುದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬಿದ್ದಿತೆಂದು ಅರ್ತ್ ಸರಿಯಿದೆ ಎಂದುಕೊಳ್ಳಬೇಡಿ. ಅರ್ತ್ ತಂತಿಯೇ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ. ತಪಾಸಣೆ ನಡೆದಾಗ 500 ವೋಲ್ಟ್ ಮೆಗ್ಗರ್ ಮೀಟರ್‌ನ ಇನ್ಸುಲೇಷನ್ ರೀಡಿಂಗನ್ನೂ (ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂಬ ಅಳತೆ) ಅರ್ತ್ ಕಂಟಿನ್ಯುಯಿಟಿಯನ್ನೂ (ಅರ್ತ್ ತಂತಿ ಎಲ್ಲೂ ತುಂಡಾಗಿಲ್ಲವೇ ಎಂಬ ಟೆಸ್ಟ್) ಬರಹದಲ್ಲಿ ಕೇಳಿ. ಇನ್ಸುಲೇಷನ್ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದೇ ದೊಡ್ಡ ಸಾಕ್ಷಿ.

ದೂರು ನಿಜವೆಂದು ಕಂಡರೆ ಕಾಂಟ್ರಾಕ್ಟರ್‌ಗೆ ನೋಟಿಸ್ ಹೋಗಿ, ಲೈಸೆನ್ಸ್ ಅಮಾನತು ಅಥವಾ ರದ್ದಿನ ತನಕ ಮುಟ್ಟಬಹುದು. ನಿಮ್ಮ ದುಡ್ಡು ಮಾತ್ರ ಅಲ್ಲಿಂದ ಬರುವುದಿಲ್ಲ. ಯಾರಿಗಾದರೂ ಗಾಯವೋ ಸಾವೋ ಆಗಿದ್ದರೆ ವಿಷಯ ಬೇರೆ. ವಿದ್ಯುತ್ ಕಾಯ್ದೆ 2003ರ 161ನೇ ಸೆಕ್ಷನ್ ಪ್ರಕಾರ ಅಪಘಾತದ ವಿಚಾರಣೆ ನಡೆಯುತ್ತದೆ, ಪೊಲೀಸರಿಗೂ ತಿಳಿಸಬೇಕು.

ದುಡ್ಡಿಗೆ ಜಿಲ್ಲಾ ಗ್ರಾಹಕ ಆಯೋಗವೇ ದಾರಿ. ಮೊದಲು 15 ದಿನ ಗಡುವು ಕೊಟ್ಟು ಕಾಂಟ್ರಾಕ್ಟರ್‌ಗೆ ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದರೆ ಕೆಲವರು ಅಲ್ಲಿಗೇ ಬಗ್ಗುತ್ತಾರೆ. ಇಲ್ಲವಾದರೆ ತೊಂದರೆ ಶುರುವಾದ 2 ವರ್ಷದೊಳಗೆ ಆಯೋಗಕ್ಕೆ ಹೋಗಿ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಹಣವನ್ನು ಬಿಲ್ಡರ್‌ಗೆ ಕೊಟ್ಟಿದ್ದರೆ ಅವನನ್ನೂ ಎದುರುದಾರನಾಗಿ ಸೇರಿಸಿ. ರಸೀದಿ ಇಲ್ಲದೆ ನಗದು ಕೊಟ್ಟಿದ್ದರೆ ವಾಟ್ಸಾಪ್ ಮಾತುಕತೆ, ಬ್ಯಾಂಕಿನಿಂದ ತೆಗೆದ ಲೆಕ್ಕ ಹುಡುಕಿಡಿ.

ಪರಿವೀಕ್ಷಕರು ನೋಡಿ ಹೋದ ಮೇಲೆ ರಿಪೇರಿಯನ್ನು ಬೇರೆ ಲೈಸೆನ್ಸ್‌ದಾರರಿಂದ ಮಾಡಿಸಿ. ಸಾಮಾನು, ಕೂಲಿ ಬೇರೆಬೇರೆ ಬರೆದ ಬಿಲ್ ಮತ್ತು ಹೊಸ ಟೆಸ್ಟ್ ರಿಪೋರ್ಟ್ ಪಡೆಯಿರಿ. ಆಯೋಗದಲ್ಲಿ ನೀವು ಕೇಳುವ ಮೊತ್ತಕ್ಕೆ ಆಧಾರ ಆ ಎರಡು ಕಾಗದಗಳೇ.